ಗೊಂಬೆ ದಾಟಿಸಿದ್ದು

ಆಸ್ಪತ್ರೆಯ ಆಟದ ಕೋಣೆಯಲ್ಲಿ ಮಗು ಗೊಂಬೆಯನ್ನು ತಬ್ಬಿಕೊಂಡರೆ ಸಾಕು, ಮಗುವಿನ ನೋವೆಲ್ಲ ಜಾಲರಿಯಾಚೆ ಕೂತ ಸಾವಂತ್ರವ್ವನ ಮೈಗೆ ಹೋಗುತ್ತಿತ್ತು. ಅದೇ ಅವಳ ನೌಕರಿ. ಸೆರಗು ಕಚ್ಚಿಕೊಂಡು ಕೂರಬೇಕು. ಸದ್ದು ಬಂದರೆ ಮಕ್ಕಳು ಹೆದರುತ್ತವೆ.

ಬೆನ್ನಿಗೆ ನರ್ಸ್ ಸೂಜಿ ಚುಚ್ಚಿದಾಗ ಆರು ವರ್ಷದ ಸಂಪದಾ ಮಡಿಲಿನ ಗೊಂಬೆಗೆ ಜಡೆ ಹೆಣೆಯುತ್ತಿದ್ದಳು. ಸಾವಂತ್ರವ್ವನ ಕಣ್ಣಿಂದ ದಳದಳ ನೀರು ಇಳಿಯಿತು.

"ಅಮ್ಮಾ, ಆ ಅಜ್ಜಿ ಯಾಕ ಅಳಾಕತ್ತಾಳ?"

"ಅಜ್ಜಿ ಅಲ್ಲವ್ವಾ, ಕೆಲಸದಾಕಿ. ಆ ಕಡೆ ನೋಡಬ್ಯಾಡ, ಆಟ ಆಡು," ಎಂದಳು ತಾಯಿ.

ಸಂಪದಾ ಗೊಂಬೆಯ ಬೆನ್ನು ಸವರಿದಳು. "ಭಾಳ ನೋವಾತೇನು?" ಎಂದು ಅಲ್ಲೇ ಒಂದು ಮುತ್ತು ಕೊಟ್ಟಳು.

ಗೊಂಬೆ ದಾಟಿಸುವುದು ನೋವನ್ನು ಮಾತ್ರ ಎಂದು ಗೊತ್ತಿದ್ದೂ ಸಾವಂತ್ರವ್ವ ಒಂದು ಗಳಿಗೆ ಬೆನ್ನೊಡ್ಡಿ ಕಾದಳು. ಏನೂ ಬರಲಿಲ್ಲ.

ನರ್ಸ್ ಎರಡನೇ ಸೂಜಿ ಚುಚ್ಚಿದಳು. ಅದು ಬಂತು.