ಕೊನೆಗೆ ಏನಾಗುತ್ತೆ

ಆ ಬಾಡಿಗೆ ಪುಸ್ತಕದಂಗಡಿಗೆ ದೆವ್ವದ ಕಥೆ ಕೇಳಿಕೊಂಡು ಬಂದವರನ್ನೆಲ್ಲ ಅಂಗಡಿಯವನು ಸೀದಾ ಶ್ರೀಕಂಠನ ಹತ್ತಿರ ಕಳಿಸುತ್ತಿದ್ದ. ದೆವ್ವದ ಕಥೆಗಳ ಕಪಾಟನ್ನು ಅವನಷ್ಟು ಅರೆದು ಕುಡಿದ ಗಿರಾಕಿ ಬೇರೊಬ್ಬನಿರಲಿಲ್ಲ.

ಅಂದು ಬಂದ ಹೆಂಗಸಿಗೆ ಅವನು ತನಗೆ ಬಲು ಇಷ್ಟವಾದ ಕಾದಂಬರಿಯನ್ನೇ ತೆಗೆದುಕೊಟ್ಟ.

"ಇದರಲ್ಲಿ ದೆವ್ವ ಕೊನೆಗೆ ಏನಾಗುತ್ತೆ?" ಎಂದಳು ಆಕೆ.

ಪಾಪ, ಪುಕ್ಕಲು ಜೀವ ಎಂದುಕೊಂಡ ಶ್ರೀಕಂಠ. ಕೊನೆ ಹೇಳಿಬಿಡುವುದು ಅವನಿಗೆ ಆಗದ ಕೆಲಸ, ಆದರೂ ಹೇಳಿದ. "ಹೆದರಬೇಡಿ ಅಮ್ಮ, ಮಂತ್ರವಾದಿ ಬಂದು ಓಡಿಸ್ತಾನೆ."

ಆಕೆ ಪುಸ್ತಕವನ್ನು ವಾಪಸ್ಸು ಕೊಟ್ಟಳು.

"ಹಾಗಾದ್ರೆ ಇದು ತಗೊಳ್ಳಿ. ಇದರಲ್ಲಿ ಸುಟ್ಟೇ ಹಾಕ್ತಾರೆ. ಆಮೇಲೆ ಮನೆಯವರೆಲ್ಲ ನೆಮ್ಮದಿಯಾಗಿರ್ತಾರೆ."

ಅದನ್ನೂ ಆಕೆ ಬೇಡವೆಂದಳು. ಶ್ರೀಕಂಠನಿಗೆ ಸ್ವಲ್ಪ ರೇಗಿತು.

"ಇಷ್ಟೊಂದು ಹೆದರಿಕೆ ಇರೋರಿಗೆ ದೆವ್ವದ ಕಥೆ ಯಾಕಮ್ಮ? ಮಾಯಾಲೋಕದ್ದು ಕೊಡ್ಲಾ? ಹಾರೋ ಕುದುರೆ, ಮಾತಾಡೋ ಮರ ಎಲ್ಲ ಇರುತ್ತೆ."

"ನಂಗೆ ಹೆದರಿಕೆ ಇಲ್ಲಪ್ಪ," ಎಂದಳು ಆಕೆ, ಕಪಾಟಿನ ಪುಸ್ತಕಗಳ ಮೇಲೆ ಕೈಯಾಡಿಸುತ್ತ. "ಸತ್ತ ಮಗಳು ಬಂದು ಬಾಗಿಲು ತಟ್ಟಿದ್ರೆ, ಅವಳಮ್ಮ ಒಳಗೆ ಕರೆದು ಊಟ ಬಡಿಸೋ ಕಥೆ ಯಾವುದಾದ್ರೂ ಇದ್ರೆ ಕೊಡು."