ಮೂರನೇ ಛತ್ರಿ

ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಪ್ಯಾರಾಚೂಟ್ ಬೆನ್ನಿಗೇರಿಸಿಕೊಂಡು ನಿಂತ ಇನ್ನೊಬ್ಬ ಗಂಡಸು ಇದ್ದರೆ ಹೆಸರು ಹೇಳಿ ನೋಡೋಣ. ಇಲ್ಲ. ನಾನೊಬ್ಬನೇ. ರುದ್ರೇಶ್. ಇವತ್ತಿನವರೆಗೆ ನನಗೆ ಒಂದೇ ಒಂದು ಪ್ಯಾರಾಚೂಟೂ ಕೈಕೊಟ್ಟಿಲ್ಲ. ನಾನೀಗ ಇರುವ ಎತ್ತರದಿಂದ ನೋಡಿದರೆ ಮನುಷ್ಯರ ನೆತ್ತಿ ಮಾತ್ರ ಕಾಣುತ್ತದೆ. ಅದು ನಮ್ಮ ರೇಂಜು.

ಬೆಳಿಗ್ಗೆ ಅಲ್ಲಿಂದ ಹತ್ತಿದ ಕಲ್ಯಾಣದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ಬ್ಯಾಗಿಗೆ ಲಗೇಜ್ ಟಿಕೆಟ್ ಕೇಳಿದ.

“ಇದು ಲಗೇಜಲ್ಲಣ್ಣ, ಲೈಫು!”

“ಲೈಫಿಗೂ ಹಾಫ್ ಟಿಕೆಟ್ ಐತೆ. ತಿಯ್ಯಿ ಚಿಲ್ಲರ” ಎಂದು ಕಾಸಿಗೆ ಕೈಚಾಚಿ ಟಿಕೆಟ್ ಹರಿದು ಕೊಟ್ಟ.

ಇವತ್ತಿನ ಪರೀಕ್ಷೆ ಸಣ್ಣಕ್ಕಜ್ಜಿಯ ಮುಂದೆ. ನಾನು ಮದುವೆಯಾಗಬೇಕೆಂದಿರುವ ಶ್ರೀವಾಣಿಯ ಅಜ್ಜಿ. ಶ್ರೀವಾಣಿಗೆ ಮೈಸೂರಿನಲ್ಲಿ ಕೆಲಸ. ಅಜ್ಜಿಯ ಮುಂದೆ ಮಾತ್ರ ಬಾಯಿಲ್ಲದ ಕರು. ವಿಮಾನದಿಂದ ಹಾರುವ ವಿಷಯವನ್ನು ನಾನೇ ಫೋನಿನಲ್ಲಿ ಎತ್ತಿದ್ದೆ. “ಆ ಸಾಮಾನು ತಂದು ತೋರ್ಸು. ಆಮ್ಯಾಕೆ ಮಾತು” ಎಂದಿದ್ದಳು ಅಜ್ಜಿ. ಅವಳು ತಲೆಯಾಡಿಸದಿದ್ದರೆ ಮದುವೆಯೂ ಇಲ್ಲ, ಹಾರಾಟವೂ ಇಲ್ಲ.

ಅಜ್ಜಿಯ ಮನೆ ತಲುಪಿದಾಗ ಶ್ರೀವಾಣಿ ಆಗಲೇ ಬಂದಿದ್ದಳು. ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಟ್ಟೆಗೆ ಬಂತು. ಅಜ್ಜಿ ನನ್ನನ್ನು ಸಂತೆಯ ಎತ್ತು ನೋಡುವ ಹಾಗೆ ನೋಡಿದಳು.

“ಹಾರೋದು ನೀನೇನಾ?”

“ನನ್ನ ನೋಡಿದ್ರೆ ನಿಮಗೇನನ್ಸುತ್ತೆ ಅಜ್ಜಿ?”

“ಬಾಯಿ ಮಾತ್ರ ಹಾರ್ತೈತೆ ಅನ್ಸುತ್ತೆ.” ಅಟ್ಟಕ್ಕೆ ಒರಗಿಸಿದ್ದ ಏಣಿಯತ್ತ ಕೈ ತೋರಿಸಿದಳು. “ಮ್ಯಾಲೆ ಕಡ್ಲೆಕಾಯಿ ಮೂಟೆ ಐತೆ. ಒಂದು ಮೊರ ತಗಂಡು ಬಾ ಕಣಪ್ಪ. ಎತ್ತರದ ಆಸಾಮಿ ಅಲ್ವಾ ನೀನು?”

ನಾನು ಏಣಿಯನ್ನು ನೋಡಿದೆ. ಏಣಿ ನನ್ನನ್ನು ನೋಡಿತು.

“ಅಜ್ಜಿ, ಮೇಲಿಂದ ಕೆಳಗೆ ಬರೋದು ನಮ್ಮ ಸ್ಟೈಲು. ಕೆಳಗಿಂದ ಮೇಲೆ ಹೋಗೋದು ಜೂನಿಯರ್ ಆರ್ಟಿಸ್ಟ್ ಕೆಲಸ.”

ಶ್ರೀವಾಣಿ ದುಪಟ್ಟಾ ಸೊಂಟಕ್ಕೆ ಬಿಗಿದು ಸರಸರನೆ ಹತ್ತಿದಳು. ಇಳಿಯುವಾಗ ಅರ್ಧ ಏಣಿಯಿಂದಲೇ ಧುಮುಕಿದಳು. ಒಂದು ಕಡ್ಲೆಕಾಯಿಯೂ ಚೆಲ್ಲಲಿಲ್ಲ.

“ಹೆಣ್ಮಕ್ಳು ಹಂಗ್ ಧುಮುಕ್ತಾರೇನೇ!” ಎಂದು ಅಜ್ಜಿ ಗದರಿದಳು.

ನಾನು ಎದ್ದು ಪ್ಯಾರಾಚೂಟ್ ತೊಟ್ಟೆ. ಎದೆಯ ಪಟ್ಟಿ ಕೂಡಲಿಲ್ಲ. ತಪ್ಪನ್ನು ಬಜ್ಜಿಯ ಮೇಲೆ ಹಾಕಿದೆ.

“ನೋಡಿ ಅಜ್ಜಿ, ಬೆನ್ನಲ್ಲಿ ಎರಡು ಛತ್ರಿ. ಒಂದು ಕೈಕೊಟ್ರೆ ಇನ್ನೊಂದು. ಬಲಗಡೆ ಹಿಡಿ ಎಳೆದ್ರೆ ಎರಡನೇದು ಫಟ್ ಅಂತ…”

ಶ್ರೀವಾಣಿ ಕೆಮ್ಮಿದಳು. “ಬಲಗಡೇದು ಕೆಟ್ಟಿರೋ ಛತ್ರಿ ಕಳಚಿ ಬಿಸಾಕಕ್ಕೆ. ಎರಡನೇದು ತೆರೆಯೋದು ಎಡಗಡೇದು.” ಒಂದು ಕ್ಷಣ ಬಿಟ್ಟು ಸೇರಿಸಿದಳು: “ಅಂತ ಇವರೇ ಆವತ್ತು ಹೇಳಿದ್ರು.”

ಅಜ್ಜಿ ಕಡ್ಲೆಕಾಯಿ ಒಡೆದಳು. “ಎಳೆಯಾಕೆ ಮುಂಚೇನೇ ತಲೆ ತಿರುಗಿಬಿಟ್ರೆ?”

“ಅದಕ್ಕೇ ಒಳಗೊಂದು ಪೆಟ್ಟಿಗೆ ಕೂತಿದೆ. ಮಿಷನ್ನು. ನೆಲ ಹತ್ರ ಬಂದ್ರೂ ಇನ್ನೂ ಜೋರಾಗೇ ಬೀಳ್ತಾ ಇದ್ರೆ ಅದು ಯಾರ ಪರ್ಮಿಷನ್ನೂ ಕೇಳಲ್ಲ. ತಾನೇ ಎರಡನೇ ಛತ್ರಿ ತೆರೆಯುತ್ತೆ. ಹೀರೋ ಮಲಗಿದ್ರೂ ಕ್ಲೈಮ್ಯಾಕ್ಸ್ ನಿಲ್ಲಲ್ಲ ಅಜ್ಜಿ!”

“ಅಬ್ಬೋ. ಅದ್ನ ಆನ್ ಮಾಡೋರ್ಯಾರು?”

“ಹಾರೋರೇ. ನೆಲದ ಮೇಲೇ ಮಾಡಬೇಕು.”

“ಮರೆತ್ರೆ?”

ನಾನು ಕೂಡದ ಎದೆಯ ಪಟ್ಟಿಯನ್ನು ಮತ್ತೊಮ್ಮೆ ಎಳೆದು ನೋಡಿದೆ.

“ಮರೆಯಲ್ಲ” ಎಂದಳು ಶ್ರೀವಾಣಿ, ಬಜ್ಜಿಯನ್ನೇ ನೋಡುತ್ತಾ.

ನಾನು ಗೇರ್ ಬದಲಿಸಿದೆ. “ಈಗ ಇದನ್ನ ಕೊಟ್ಟು ಚಿಕ್ಕ ಛತ್ರಿ ತಗೊಳ್ಳೋ ಪ್ಲಾನು. ಪಳಗಿದವರಿಗೆ ಚಿಕ್ಕದರ ಮೇಲೇ ಆಸೆ. ಬಾಣದ ಥರ ಇಳಿಯುತ್ತೆ!”

“ಬಾಣ ಇಳಿಯಲ್ಲ ಕಣಪ್ಪ. ನಾಟ್ಕಂತೈತೆ.”

ಅಜ್ಜಿ ಕುಟ್ಟಿದ ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು. ತುಂಬ ಹೊತ್ತು ಅಗಿದಳು.

“ಸರೇ” ಎಂದಳು ಕೊನೆಗೆ. “ಬ್ಯಾಡ ಅಂದ್ರೆ ಕದ್ದು ಹಾರ್ತೀರ. ಅದಕ್ಕಿಂತ ಹೇಳಿ ಹಾರೋದೇ ವಾಸಿ. ಆದ್ರೆ ಛತ್ರಿ ಈಗಿರೋ ದೊಡ್ಡದೇ ಇರ್ಲಿ. ಪೆಟ್ಟಿಗೆ ಆನ್ ಮಾಡ್ದೆ ವಿಮಾನ ಹತ್ತಬ್ಯಾಡ. ಪೆಟ್ಟಿಗೆ ಐತಲ್ಲ ಅಂತ ಕೈ ಕಟ್ಕಂಡೂ ಬೀಳಬ್ಯಾಡ. ತಿಳೀತಾ ಕಣಮ್ಮ?”

ಕಣಮ್ಮ? ಎಲೆಅಡಿಕೆ ತುಂಬಿದ ಬಾಯಿ, ‘ಪ್ಪ’ ಹೋಗಿ ‘ಮ್ಮ’ ಆಗಿರಬೇಕು.

“ತಿಳೀತಜ್ಜಿ” ಎಂದೆ.

“ನಿನ್ನಲ್ಲ ಕಣ್ಲಾ ಕೇಳಿದ್ದು.”

ಅಜ್ಜಿ ಎದ್ದು ಬಂದು ನನ್ನ ಬೆನ್ನಿನಿಂದ ಪ್ಯಾರಾಚೂಟ್ ಬಿಚ್ಚಿಸಿದಳು. ಶ್ರೀವಾಣಿಗೆ ತೊಡಿಸಿದಳು. ಎದೆಯ ಪಟ್ಟಿ ಅಳತೆ ಕೊಟ್ಟು ಹೊಲಿಸಿದ ರವಿಕೆಯಂತೆ ಕೂತಿತು. ಶ್ರೀವಾಣಿಯ ಕಣ್ಣು ತುಂಬಿತ್ತು. ಕೈಗಳು ಮಾತ್ರ ತಾವಾಗಿಯೇ ಒಂದೊಂದು ಹಿಡಿಯನ್ನೂ ಮುಟ್ಟಿ ನೋಡಿಕೊಳ್ಳುತ್ತಿದ್ದವು.

“ಬೆನ್ನ ಮ್ಯಾಲೆ ಎರಡು ಛತ್ರಿ” ಎಂದಳು ಅಜ್ಜಿ. “ಅದ್ನ ಹೊತ್ಕಂಡು ಬಂದವ್ನು ಮೂರನೇ ಛತ್ರಿ.”

ಮೊದಲು ಹಾರುವ ಹುಡುಗನನ್ನು ಒಪ್ಪಿಸುವುದು, ಆಮೇಲೆ ಹಾರುವ ಮೊಮ್ಮಗಳನ್ನು ತೋರಿಸುವುದು. ಅದು ನಮ್ಮಿಬ್ಬರ ಸ್ಕ್ರಿಪ್ಟು. ಇಂಟರ್ವೆಲ್‌ಗೇ ಹರಿದುಹೋಯಿತು.

“ಮದುವೆ ಮಾತು, ಅಜ್ಜಿ?”

“ನನ್ನ ಮೊಮ್ಮಗಳು ಮೋಡದಿಂದ ಹಾರ್ತಾಳೆ. ನೀನು ಆ ಏಣಿ ಹತ್ತಿ ತೋರ್ಸು, ಸಾಕು.”

ಸರಿ, ನಿಜ ಹೇಳಿಬಿಡುತ್ತೇನೆ: ಹತ್ತುವುದೇನೋ ಹತ್ತಿದೆ; ಇಷ್ಟು ಹೊತ್ತು ಈ ಅಟ್ಟದ ಮೇಲೆ ಕಡ್ಲೆಕಾಯಿ ಮೂಟೆ ತಬ್ಬಿಕೊಂಡು ನಿಮಗೆ ಕಥೆ ಹೇಳಿದ್ದು, ಇಳಿಯಲು ಧೈರ್ಯ ಸಾಲದೆ.