ಚಾ ಕುಡದ್ ಹೋಗ್ರಿ

ತೆರೆಯ ಮೇಲಿನವರಿಗೆ ನಮ್ಮ ಮಾತು ಕೇಳಿಸುತ್ತದೆ ಎಂಬುದು ಹುಬ್ಬಳ್ಳಿಯಲ್ಲಿ ಎಳೆ ಮಕ್ಕಳಿಗೂ ಗೊತ್ತು. ಅದಕ್ಕೇ ಸಿನಿಮಾ ಮುಗಿಯುವ ಹೊತ್ತಿಗೆ ಕೆಮ್ಮು ಬಂದರೂ ಸೆರಗನ್ನು ಬಾಯಿಗೆ ಒತ್ತಿಕೊಳ್ಳಬೇಕು. ಇಲ್ಲದಿದ್ದರೆ ಕಥೆಯ ಅಂತ್ಯವೇ ಕದಲೀತೆಂದು ಗೇಟ್‌ಕೀಪರ್ ಮುಖಕ್ಕೇ ಬ್ಯಾಟರಿ ಬಿಡುತ್ತಾನೆ.

ಅಂದು ನಡೆಯುತ್ತಿದ್ದುದು ಹಳೆಯ ಜಪಾನಿ ಚಿತ್ರವೊಂದರ ಕನ್ನಡ ಅವತರಣಿಕೆ. ಮುನಿಸಿಕೊಂಡ ಮಗಳನ್ನು ಸ್ಟೇಷನ್ನಿನಲ್ಲಿ ಕಾದು ಕಾದು, ಕೊನೆಗೆ ಮುದುಕ ರೈಲು ಹತ್ತಿ ಹೋಗಿಬಿಡುತ್ತಾನೆ. ಮರುಗಳಿಗೆಯೇ ಮಗಳು ಓಡೋಡಿ ಬರುತ್ತಾಳೆ. ಜಪಾನಿನ ಜನ ಎಪ್ಪತ್ತು ವರ್ಷ ಉಸಿರು ಬಿಗಿಹಿಡಿದು ನೋಡಿದ್ದರಿಂದ ಅಲ್ಲಿ ಆ ಅಂತ್ಯ ಒಂದಿಷ್ಟೂ ಕದಲಿರಲಿಲ್ಲ.

ಖಾನಾವಳಿಯ ನೀಲಗಂಗವ್ವ ಮಾತ್ರ ಕೂತಲ್ಲೇ ಚಡಪಡಿಸುತ್ತಿದ್ದಳು. ಮುದುಕ ಗಂಟು ಎತ್ತಿಕೊಂಡು ರೈಲಿನ ಮೆಟ್ಟಿಲಿಗೆ ಕಾಲಿಟ್ಟದ್ದೇ ತಡ, ಅವಳ ಬಾಯಿ ತಡೆಯಲಿಲ್ಲ.

“ಯಪ್ಪಾ, ಹಂಗ ಹೊಂಟ್ರೇನ್ರಿ? ಒಂದ್ ಕಪ್ ಚಾ ಕುಡದ್ ಹೋಗ್ರಿ!”

ಮುದುಕ ಹೊರಳಿ ನೋಡಿದ. “ಗಾಡಿ ಬಿಡ್ತೈತಿ ಯವ್ವಾ.”

“ಬಿಡ್ಲಿ ಬಿಡ್ರಿ, ಇನ್ನೊಂದು ಬರ್ತೈತಿ!”

“ಕೂಡ್ರಿ ಯಜಮಾನ್ರ!” ಎಂದು ಇಡೀ ಥಿಯೇಟರು ಕೂಗಿತು. ಗೇಟ್‌ಕೀಪರನೂ ಬ್ಯಾಟರಿ ಆರಿಸಿ ಕೂಗಿದ.

ಅಷ್ಟು ಮಂದಿ ಕರೆದರೆ ಒಲ್ಲೆ ಎನ್ನುವುದು ಹೇಗೆ? ಮುದುಕ ಬೆಂಚಿನ ಮೇಲೆ ಕೂತು ಚಾ ತರಿಸಿದ. ರೈಲು ಹೋಯಿತು. ಅವನು ಚಾ ಬಸಿಗೆ ಸುರಿದು ಊದುತ್ತಿರುವಾಗಲೇ ಮಗಳು ಏದುಸಿರು ಬಿಡುತ್ತಾ ಬಂದು ಪಕ್ಕದಲ್ಲಿ ಕುಸಿದಳು. ಅವನು ಬಸಿಯನ್ನು ಅವಳತ್ತ ಸರಿಸಿದ.

ಜನ ಸೀಟಿ ಹೊಡೆದರು. ನೀಲಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ಮಗಳು ತೆರೆಯ ಮೇಲಿಂದಲೇ ಕತ್ತಲೊಳಗೆ ಕಣ್ಣು ಕಿರಿದು ಮಾಡಿ ಹುಡುಕಿದಳು.

“ಕರದವ್ರು ಯಾರ್ರೀ ಯವ್ವಾ? ನಿಮ್ದಾತೇನ್ರಿ ಚಾ?”